ಸಹಿ ಹಾಕುತ್ತೇನೆ, ಮೊದಲು ಸರಿಯಾಗಿ ಕೇಳಿ

ಶಾಲೆಗಳ ಮುಖ್ಯೋಪಾಧ್ಯಾಯರಿಗೆ, ಆಡಳಿತ ಮಂಡಳಿಯವರಿಗೆ, ಮಕ್ಕಳ ಆರೋಗ್ಯ ತಪಾಸಣೆಯ ಹೊಣೆ ಹೊತ್ತ ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮೊನ್ನೆ ಸಂಜೆ ಮಗನ ಶಾಲಾ ಚೀಲ ಖಾಲಿ ಮಾಡುವಾಗ ನೀರಿನ ಬಾಟಲಿಯ ಅಡಿಯಲ್ಲಿ ಒಂದು ಚೀಟಿ ಸಿಕ್ಕಿತು. ಅರ್ಧ ಒದ್ದೆಯಾಗಿ ಮುದ್ದೆಯಾಗಿತ್ತು. ಬಿಡಿಸಿ ನೋಡಿದರೆ ಮೂರೇ ಸಾಲು. ಶಾಲೆಯಲ್ಲಿ ಸಾಮಾನ್ಯ ಆರೋಗ್ಯ ತಪಾಸಣೆ ನಡೆಯಲಿದೆ, ನನ್ನ ಮಗುವಿನ ತಪಾಸಣೆಗೆ ಒಪ್ಪಿಗೆ ಇದೆ ಅಥವಾ ಇಲ್ಲ, ಪೋಷಕರ ಸಹಿ. ಮಾರನೇ ದಿನವೇ ವಾಪಸು ಕೊಡಬೇಕಂತೆ. ಮಗಳ ಚೀಲದಲ್ಲೂ ಅದೇ ಚೀಟಿ ಇತ್ತು. ಮಗ ಒಂದನೇ ತರಗತಿ, ಮಗಳು ಏಳನೇ ತರಗತಿ. ಆರು ವರ್ಷದ ಹುಡುಗನಿಗೂ ಹನ್ನೆರಡು ವರ್ಷದ ಹುಡುಗಿಗೂ ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಅದೇ ಮೂರು ಸಾಲು.

ಪೆನ್ನು ಕೈಗೆ ತೆಗೆದುಕೊಂಡವಳು ಹಾಗೇ ಕೂತೆ. ಈ ಪತ್ರ ಅಲ್ಲಿಂದ ಹುಟ್ಟಿದ್ದು.

ಮಗಳು ಒಂದನೇ ತರಗತಿಯಲ್ಲಿದ್ದಾಗಲೂ ಇಂಥದ್ದೇ ಚೀಟಿ ಬಂದಿತ್ತು. ಆಗ ಓದಿಯೂ ನೋಡದೆ ಸಹಿ ಹಾಕಿದ್ದೆ. ಅವಳಿಗೆ ಏನೂ ತೊಂದರೆ ಇಲ್ಲ ಎನ್ನುವ ಧೈರ್ಯ ನನ್ನದು. ಬೋರ್ಡು ಕಾಣುವುದಿಲ್ಲ ಅಂದವಳಲ್ಲ, ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿದವಳಲ್ಲ, ತಲೆನೋವು ಅಂದವಳಲ್ಲ. ಚೆಂಡು ಹಿಡಿಯುವುದರಲ್ಲಿ ಮಾತ್ರ ಸ್ವಲ್ಪ ಹಿಂದೆ, ಅದಕ್ಕೆ ನಾವು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ತಪಾಸಣೆಯ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಗೋಡೆಯ ಮೇಲಿನ ಅಕ್ಷರಗಳ ಪಟ್ಟಿಯನ್ನು ಒಂದೊಂದು ಕಣ್ಣಿನಲ್ಲಿ ಓದಿಸುತ್ತಿದ್ದರಂತೆ. ಬಲಗಣ್ಣಿನಲ್ಲಿ ಸರಸರ ಓದಿದಳು. ಎಡಗಣ್ಣಿನಲ್ಲೂ ಓದಿದಳು. ಆದರೆ ಅಲ್ಲಿದ್ದ ನರ್ಸಮ್ಮನಿಗೆ ಏನೋ ಅನುಮಾನ ಬಂತು. ಮಗು ಅಕ್ಷರಗಳನ್ನು ನೋಡಿ ಓದುತ್ತಿರಲಿಲ್ಲ, ಪದ್ಯ ಒಪ್ಪಿಸುವ ಹಾಗೆ ಹೇಳುತ್ತಿತ್ತು. ಮುಂದೆ ನಿಂತಿದ್ದ ಹತ್ತು ಹನ್ನೆರಡು ಮಕ್ಕಳು ಓದಿದ್ದನ್ನು ಕೇಳಿ ಕೇಳಿ ಇಡೀ ಪಟ್ಟಿ ಅವಳಿಗೆ ಬಾಯಿಪಾಠವಾಗಿತ್ತು. ಜೊತೆಗೆ ಬಲಗಣ್ಣಿನ ಮೇಲಿಟ್ಟ ಬೆರಳುಗಳ ಸಂದಿಯಿಂದ ಇಣುಕುತ್ತಲೂ ಇದ್ದಳು. ಆಕೆ ಮಗುವಿನ ಕೈ ಮೆಲ್ಲಗೆ ಸರಿಸಿ, ಆ ಕಣ್ಣಿಗೆ ತಾವೇ ಒಂದು ರಟ್ಟು ಅಡ್ಡ ಹಿಡಿದು, "ಈಗ ಕೊನೆಯಿಂದ ಹಿಂದಕ್ಕೆ ಓದು ಪುಟ್ಟಾ" ಅಂದರು. ಮಗು ಸುಮ್ಮನಾಯಿತು.

ಕಣ್ಣಿನ ಡಾಕ್ಟರು ನೋಡಿ ಹೇಳಿದ್ದು ಆಂಬ್ಲಿಯೋಪಿಯ, ಜನ ಸೋಮಾರಿ ಕಣ್ಣು ಅನ್ನುತ್ತಾರೆ. ಕಣ್ಣುಗುಡ್ಡೆ ನೋಡಲು ಚೆನ್ನಾಗಿಯೇ ಇರುತ್ತದೆ. ಎರಡು ಕಣ್ಣುಗಳ ಪವರ್‌ನಲ್ಲಿ ದೊಡ್ಡ ಅಂತರ ಇದ್ದರೆ ಮಿದುಳು ಸ್ಪಷ್ಟವಾಗಿ ಕಾಣುವ ಕಣ್ಣನ್ನೇ ನೆಚ್ಚಿಕೊಂಡು, ಮಸುಕು ಚಿತ್ರ ಕಳಿಸುವ ಕಣ್ಣನ್ನು ಕ್ರಮೇಣ ಕಡೆಗಣಿಸುತ್ತದೆ. ಒಂದು ಕಣ್ಣು ಸರಿಯಿರುವುದರಿಂದ ಮಗು ಎಡವುವುದಿಲ್ಲ, ದೂರುವುದಿಲ್ಲ. ಹುಟ್ಟಿದಾಗಿನಿಂದ ಲೋಕ ಕಂಡದ್ದೇ ಹಾಗೆ, ಬೇರೆಯವರಿಗೆ ಬೇರೆ ಥರ ಕಾಣುತ್ತದೆ ಎಂದು ಅದಕ್ಕಾದರೂ ಹೇಗೆ ಗೊತ್ತಾಗಬೇಕು? ಅಪ್ಪ ಅಮ್ಮನಿಗೂ ಗೊತ್ತಾಗುವುದಿಲ್ಲ. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಓದಿಸಿದಾಗ ಮಾತ್ರ ಹೊರಬೀಳುವ ವಿಷಯ ಇದು. ಏಳು ವರ್ಷದೊಳಗೆ ಹಿಡಿದರೆ ಚಿಕಿತ್ಸೆ ಚೆನ್ನಾಗಿ ಫಲ ಕೊಡುತ್ತದೆ, ತಡವಾದಷ್ಟೂ ಕಷ್ಟ. ನಮಗೆ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ ಹಾಕಿಸಿದರು. ಆ ಎರಡು ಗಂಟೆ ಅವಳು ಅತ್ತಿದ್ದು, ನಾನು ಪಕ್ಕದಲ್ಲಿ ಕೂತು ಚುಕ್ಕಿ ಸೇರಿಸುವ ಚಿತ್ರ ಬರೆಸಿದ್ದು, ಎಲ್ಲ ನೆನಪಿದೆ. ಇವತ್ತು ಅವಳು ಎರಡೂ ಕಣ್ಣಿನಲ್ಲಿ ಓದುತ್ತಾಳೆ. ಆ ನರ್ಸಮ್ಮನ ಹೆಸರು ನನಗೆ ಗೊತ್ತಿಲ್ಲ. ನನ್ನ ಮಗಳ ಎಡಗಣ್ಣು ಅವರು ಉಳಿಸಿಕೊಟ್ಟದ್ದು.

ಇದಾಗಿ ಮೂರು ವರ್ಷಕ್ಕೆ, ಅದೇ ಶಾಲೆಯಲ್ಲಿ, ಅದೇ ವಾರ್ಷಿಕ ತಪಾಸಣೆಯಲ್ಲಿ ಇನ್ನೊಂದು ನಡೆಯಿತು.

ನಾಲ್ಕನೇ ತರಗತಿ. ತೂಕದ ಯಂತ್ರದ ಬಳಿ ಒಬ್ಬರು ನಿಂತು ಸಂಖ್ಯೆಯನ್ನು ಗಟ್ಟಿಯಾಗಿ ಕೂಗುತ್ತಿದ್ದರು, ಮೇಜಿನ ಹತ್ತಿರ ಕೂತ ಇನ್ನೊಬ್ಬರು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದರು. ಇಡೀ ಸಾಲಿಗೆ ಕೇಳಿಸುತ್ತಿತ್ತು. ನನ್ನ ಮಗಳ ಸಂಖ್ಯೆ ಕೂಗಿದಾಗ ಹಿಂದೆ ಯಾರೋ ನಕ್ಕರು. ಮಾರನೇ ದಿನದಿಂದ ಆ ಸಂಖ್ಯೆಯೇ ಅವಳ ಹೆಸರಾಯಿತು. ಅವಳು ಮನೆಯಲ್ಲಿ ಬಾಯಿ ಬಿಡಲಿಲ್ಲ. ಸುಡು ಬಿಸಿಲಿನಲ್ಲೂ ಸ್ವೆಟರ್ ಬಿಚ್ಚದಿರುವುದು ಕಂಡು, ಆಟದ ಪೀರಿಯಡ್ಡಿನ ದಿನವೇ ಹೊಟ್ಟೆನೋವು ಬರುವುದು ಕಂಡು, ಎರಡು ತಿಂಗಳು ಕೆದಕಿ ಕೆದಕಿ ಕೇಳಿದ ಮೇಲೆ ವಿಷಯ ತಿಳಿಯಿತು. ಶಾಲೆಯಿಂದ ನಮಗೆ ಬಂದದ್ದು ಒಂದು ಸಾಲಿನ ಚೀಟಿ: ತೂಕ ಹೆಚ್ಚಿದೆ, ವೈದ್ಯರನ್ನು ಕಾಣಿ. ಎಷ್ಟು ಹೆಚ್ಚು, ಯಾವುದಕ್ಕೆ ಹೋಲಿಸಿ ಹೆಚ್ಚು, ಯಾವ ವೈದ್ಯರು, ಯಾಕೆ, ಏನೂ ಇಲ್ಲ. ಮಡಚದ ಆ ಚೀಟಿಯನ್ನು ಅವಳ ಕೈಯಲ್ಲೇ ಕೊಟ್ಟು ಕಳಿಸಿದ್ದರು. ದಾರಿಯಲ್ಲಿ ಗೆಳತಿಯರೆಲ್ಲ ಓದಿದ್ದರು.

ಕಣ್ಣು ಕೊಟ್ಟದ್ದೂ ಅದೇ ಮೇಜು, ಆ ಗಾಯ ಮಾಡಿದ್ದೂ ಅದೇ ಮೇಜು. ಹಾಗಾಗಿ 'ಒಪ್ಪಿಗೆ ಇದೆ', 'ಒಪ್ಪಿಗೆ ಇಲ್ಲ' ಎಂಬ ಎರಡು ಪದಗಳಲ್ಲಿ ಒಂದನ್ನು ಹೊಡೆದುಹಾಕಿ ಎಂದರೆ ನನ್ನ ಕೈ ಏಳುವುದಿಲ್ಲ. ಯಾವುದಕ್ಕೆ ಒಪ್ಪಿಗೆ? ಕಣ್ಣಿಗೋ, ಕಿವಿಗೋ, ತೂಕಕ್ಕೋ, ಬೆನ್ನಿಗೋ, ರಕ್ತಕ್ಕೋ? ಬಟ್ಟೆ ಬಿಚ್ಚಿಸುತ್ತೀರಾ? ಯಾರು ನೋಡುತ್ತಾರೆ? ಯಾರಿಗೆ ಹೇಳುತ್ತೀರಿ? ತೊಂದರೆ ಕಂಡರೆ ಮುಂದೇನು? ಇಷ್ಟನ್ನು ಹೇಳದೆ ಸಹಿ ಕೇಳಿದರೆ ಅದನ್ನು ಅನುಮತಿ ಕೇಳಿದಂತೆ ಅನ್ನುವುದು ಹೇಗೆ? ನಾನು ಒಪ್ಪುವವಳೇ. ಆದರೆ ಒಪ್ಪಿಗೆ ಎನ್ನುವುದು ತಿಳಿದು ಕೊಡುವ ಮಾತು. ತಿಳಿಸುವ ಕೆಲಸ ನಿಮ್ಮದು.

ಈ ಪತ್ರ ಓದುತ್ತಿರುವ ಇತರ ಅಪ್ಪ ಅಮ್ಮಂದಿರಿಗೂ ಒಂದು ಮಾತು. "ನಮಗೆ ನಮ್ಮ ಡಾಕ್ಟರು ಇದ್ದಾರಲ್ಲ, ಶಾಲೆಯಲ್ಲೇಕೆ?" ಎಂದು ನನ್ನನ್ನು ಕೇಳಿದವರು ಹಲವರು. ನಮ್ಮ ಡಾಕ್ಟರ ಬಳಿ ನಾವು ಯಾವಾಗ ಹೋಗುತ್ತೇವೆ? ಜ್ವರ ಬಂದಾಗ, ಕೆಮ್ಮು ಬಂದಾಗ, ಬಿದ್ದಾಗ. ಜ್ವರಕ್ಕೆ ಹೋದ ಮಗುವಿನ ಕಣ್ಣನ್ನು ಒಂದೊಂದಾಗಿ ಮುಚ್ಚಿ ಯಾರೂ ಪರೀಕ್ಷಿಸುವುದಿಲ್ಲ. ನೋವಿಲ್ಲದ, ದೂರಿಲ್ಲದ ತೊಂದರೆಗಳನ್ನು ಹುಡುಕಲು ಎಲ್ಲ ಮಕ್ಕಳೂ ಸಿಗುವ ಜಾಗ ಶಾಲೆಯೊಂದೇ. ಡಾಕ್ಟರ ಬಳಿ ಹೋಗುವ ಅನುಕೂಲವೇ ಇಲ್ಲದ ಮಕ್ಕಳಿಗಂತೂ ಇಡೀ ವರ್ಷದಲ್ಲಿ ಅವರನ್ನು ಮುಟ್ಟಿ ನೋಡುವ ಒಬ್ಬರೇ ವೈದ್ಯರು ಶಾಲೆಗೆ ಬರುವ ಇವರಾಗಿರಬಹುದು. ಇದು ಹೊಸ ಯೋಚನೆಯೂ ಅಲ್ಲ. ಬಾಸ್ಟನ್ನಿನಲ್ಲಿ 1894ರಲ್ಲೇ ವೈದ್ಯರು ನಿಯಮಿತವಾಗಿ ಶಾಲೆಗಳಿಗೆ ಹೋಗತೊಡಗಿದ್ದರು, ಆಗಿನ ಭಯ ಡಿಫ್ತೀರಿಯದಂಥ ಅಂಟುರೋಗಗಳದ್ದು. ಬ್ರಿಟನ್ನಿನಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧಕ್ಕೆ ಸೇರಲು ಬಂದ ಯುವಕರಲ್ಲಿ ಬಹಳಷ್ಟು ಮಂದಿ ದೈಹಿಕವಾಗಿ ಅನರ್ಹರೆಂದು ಕಂಡು ಸರ್ಕಾರ ಬೆಚ್ಚಿತು. 1904ರಲ್ಲಿ ಒಂದು ಸಮಿತಿ ವರದಿ ಕೊಟ್ಟಿತು, 1907ರ ಕಾನೂನು ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆಯನ್ನು ಶಿಕ್ಷಣ ಆಡಳಿತದ ಕರ್ತವ್ಯವನ್ನಾಗಿಸಿತು. ನನ್ನ ಮಗಳು ಬಾಯಿಪಾಠ ಮಾಡಿದ ಆ ಅಕ್ಷರ ಪಟ್ಟಿಯ ಮೂಲ ಇನ್ನೂ ಹಿಂದಿನದು, ಡಚ್ ಕಣ್ಣಿನ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ಪ್ರಕಟಿಸಿದ್ದು.

ಇಷ್ಟು ಹಳೆಯ ಪದ್ಧತಿ ಎಂದಮಾತ್ರಕ್ಕೆ ಅದರಲ್ಲಿರುವುದೆಲ್ಲ ಒಳ್ಳೆಯದೇ ಎಂದಲ್ಲ. ಆರೋಗ್ಯವಾಗಿ ಕಾಣುವವರಲ್ಲಿ ಕಾಯಿಲೆ ಹುಡುಕಲು ಹೊರಡುವಾಗ ಯಾವ ನಿಯಮ ಪಾಲಿಸಬೇಕು ಎಂದು 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು ಹತ್ತು ಸೂತ್ರ ಬರೆದುಕೊಟ್ಟರು. ಹುಡುಕುವ ತೊಂದರೆ ಮುಖ್ಯವಾದದ್ದಾಗಿರಬೇಕು, ಅದಕ್ಕೆ ಒಪ್ಪಿತವಾದ ಚಿಕಿತ್ಸೆ ಇರಬೇಕು, ಆ ಚಿಕಿತ್ಸೆ ಸಿಗುವ ವ್ಯವಸ್ಥೆ ಇರಬೇಕು, ಪರೀಕ್ಷೆ ಜನರಿಗೆ ಒಪ್ಪಿಗೆಯಾಗುವಂಥದ್ದಾಗಿರಬೇಕು. ಉಳಿದವೂ ಇದೇ ಜಾಡಿನವು. ಅರ್ಧ ಶತಮಾನ ದಾಟಿದರೂ ಇವತ್ತಿಗೂ ಈ ಕ್ಷೇತ್ರದವರು ಅದನ್ನೇ ಮುಂದಿಟ್ಟುಕೊಂಡು ಮಾತಾಡುತ್ತಾರೆ. ನಿಮ್ಮ ಪಟ್ಟಿಯಲ್ಲಿರುವ ಒಂದೊಂದು ಪರೀಕ್ಷೆಯನ್ನೂ ಈ ಒರೆಗೆ ಹಚ್ಚಿ ನೋಡಿ ಎನ್ನುವುದು ನನ್ನ ಬೇಡಿಕೆ.

ಕಣ್ಣಿನ ಪರೀಕ್ಷೆ ಅದರಲ್ಲಿ ಪಾಸಾಗುತ್ತದೆ. ಅದರ ಬಗ್ಗೆ ನನಗೆ ಎರಡು ಮನಸ್ಸಿಲ್ಲ. ಕಿವಿಯದ್ದೂ ಹಾಗೆಯೇ, ಆದರೆ ಮಾಡುವ ರೀತಿಯಲ್ಲಿ ಮಾಡಿದರೆ. ಹೆಡ್‌ಫೋನ್ ಹಾಕಿ ಬೇರೆ ಬೇರೆ ಸ್ಥಾಯಿಯ (1000, 2000, 4000 ಹರ್ಟ್ಜ್) ದನಿಗಳನ್ನು, ಸಾಮಾನ್ಯವಾಗಿ 20 ಡೆಸಿಬೆಲ್‌ನಷ್ಟು ಮೆಲ್ಲಗೆ ಕೇಳಿಸಿ, ಕೇಳಿಸಿದಾಗ ಕೈ ಎತ್ತು ಅನ್ನುತ್ತಾರೆ. ಇದನ್ನು ಫ್ಯಾನ್ ತಿರುಗುವ, ಪಕ್ಕದಲ್ಲಿ ಮಗ್ಗಿ ಹೇಳಿಸುವ ಕೋಣೆಯಲ್ಲಿ ಮಾಡಿದರೆ ಕೇಳುವ ಮಗುವೂ ಕೈ ಎತ್ತುವುದಿಲ್ಲ. ನೆಗಡಿಯಾದ ಮಗುವಿನ ಕಿವಿತಮಟೆಯ ಹಿಂದೆ ದ್ರವ ನಿಂತು ಕೆಲವು ವಾರ ಕಿವಿ ಮಂದವಾಗುವುದು ಸಣ್ಣ ಮಕ್ಕಳಲ್ಲಿ ತೀರಾ ಸಾಮಾನ್ಯ, ಬಹುತೇಕ ಮೂರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ಆದ್ದರಿಂದ ಒಂದು ಸಲ ಕೇಳಿಸಲಿಲ್ಲ ಎಂದರೆ ಕಿವುಡು ಎಂದಲ್ಲ, ಮತ್ತೊಮ್ಮೆ ನೋಡಬೇಕು ಎಂದಷ್ಟೇ. ಆದರೆ ಇಳಿಯದೆ ಉಳಿದರೆ? ಮೇಷ್ಟ್ರು ಹೇಳಿದ್ದು ಅರ್ಧ ಕೇಳಿ ಅರ್ಧ ಊಹಿಸುವ ಮಗುವಿಗೆ "ಗಮನ ಕೊಡುವುದಿಲ್ಲ" ಎಂಬ ಹಣೆಪಟ್ಟಿ ಬೀಳುತ್ತದೆ. ವರ್ಷಗಟ್ಟಲೆ ಬೈಸಿಕೊಂಡ ಮೇಲೆ ಕಿವಿ ತೋರಿಸಿದವರಿದ್ದಾರೆ. ಹಲ್ಲಿನ ಪರೀಕ್ಷೆಯ ಬಗ್ಗೆ ನನಗೆ ತಕರಾರಿಲ್ಲ, ಬಾಯಿ ತೆರೆದು ನೋಡಿ ಹುಳುಕು ಹೇಳುವುದು ನಿಮಿಷದ ಕೆಲಸ.

ತೂಕದ ವಿಷಯಕ್ಕೆ ಬಂದರೆ ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ, ಇದು ನನ್ನ ಮಗಳ ಕಣ್ಣೀರಿನಿಂದಷ್ಟೇ ಬಂದ ಮಾತಲ್ಲ. ಎತ್ತರ, ತೂಕ ಅಳೆಯುವುದು ಬೇಕು. ಮಗು ಬೆಳೆಯಬೇಕಾದಷ್ಟು ಬೆಳೆಯುತ್ತಿಲ್ಲ ಎನ್ನುವುದು ಗೊತ್ತಾಗುವುದು ಅದರಿಂದಲೇ. ಸಮಸ್ಯೆ ಇರುವುದು ಆ ಸಂಖ್ಯೆಯನ್ನು ಏನು ಮಾಡುತ್ತೀರಿ ಎನ್ನುವುದರಲ್ಲಿ. ಕ್ಯಾಲಿಫೋರ್ನಿಯಾದ 79 ಶಾಲೆಗಳಲ್ಲಿ ಮಕ್ಕಳ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ನೋಡಿ ಪೋಷಕರಿಗೆ ಪತ್ರ ಕಳಿಸಿದರೆ ಏನಾಗುತ್ತದೆ ಎಂದು ದೊಡ್ಡ ಪ್ರಯೋಗವೊಂದು ನಡೆಯಿತು. ಪತ್ರ ಕಳಿಸಿದ್ದರಿಂದ ಮಕ್ಕಳ ತೂಕದಲ್ಲಿ ವ್ಯತ್ಯಾಸವಾಗಲಿಲ್ಲ. ಶಾಲೆಯಲ್ಲಿ ತೂಗಿಸಿಕೊಂಡ ಮಕ್ಕಳಲ್ಲಿ ತಮ್ಮ ತೂಕದ ಬಗ್ಗೆ ಅತೃಪ್ತಿ ಮಾತ್ರ ಹೆಚ್ಚಿತ್ತು. ಇಂಗ್ಲೆಂಡಿನಲ್ಲಿ 2006ರಿಂದ 4-5 ಮತ್ತು 10-11 ವಯಸ್ಸಿನ ಮಕ್ಕಳನ್ನು ಅಳೆಯುವ ಕಾರ್ಯಕ್ರಮ ನಡೆಯುತ್ತಿದೆ. ಅಲ್ಲಿ ಮಗು ಬಟ್ಟೆ ತೊಟ್ಟೇ, ಬೇರೆಯವರಿಗೆ ಕಾಣದ ಜಾಗದಲ್ಲಿ ನಿಲ್ಲುತ್ತದೆ. ಸಂಖ್ಯೆಯನ್ನು ಮಗುವಿನ ಕೈಗೂ ಕೊಡುವುದಿಲ್ಲ, ಮೇಷ್ಟ್ರಿಗೂ ಕೊಡುವುದಿಲ್ಲ. ಬೇಡ ಎನ್ನುವ ಪೋಷಕರು ಮೊದಲೇ ತಿಳಿಸಿ ಹೊರಗುಳಿಯಬಹುದು. ನಾನು ಕೇಳುತ್ತಿರುವುದು ಚಂದ್ರಲೋಕವನ್ನಲ್ಲ. ಒಂದು ಪರದೆ, ಕೂಗದೆ ಬರೆದುಕೊಳ್ಳುವ ಒಬ್ಬ ಮನುಷ್ಯ, ಅಂಟಿಸಿದ ಒಂದು ಲಕೋಟೆ.

ಬೆನ್ನುಮೂಳೆಯ ವಕ್ರತೆ ನೋಡಲು ಮಕ್ಕಳನ್ನು ಮುಂದಕ್ಕೆ ಬಗ್ಗಿಸಿ ನೋಡುವ ಪರೀಕ್ಷೆಯೂ ಕೆಲವು ಕಡೆ ಪಟ್ಟಿಯಲ್ಲಿರುತ್ತದೆ. ಅಮೆರಿಕದ ತಜ್ಞರ ಕಾರ್ಯಪಡೆ 2004ರಲ್ಲಿ ಇದನ್ನು ಎಲ್ಲ ಮಕ್ಕಳಿಗೂ ಮಾಡುವುದು ಬೇಡ ಅಂದಿತ್ತು, 2018ರಲ್ಲಿ ಬೇಕೋ ಬೇಡವೋ ಹೇಳಲು ಪುರಾವೆ ಸಾಲದು ಅಂದಿತು. ತಜ್ಞರೇ ಹೀಗೆ ತಡವರಿಸುವ ಪರೀಕ್ಷೆಗೆ ಹನ್ನೆರಡು ವರ್ಷದ ಹುಡುಗಿಯ ಅಂಗಿ ಎತ್ತಿಸುವ ಮುನ್ನ ಎರಡು ಸಲ ಯೋಚಿಸಬೇಡವೇ? ಜಪಾನಿನಲ್ಲಿ ಪ್ರತಿವರ್ಷ ಶಾಲಾ ತಪಾಸಣೆ ಕಾನೂನುಬದ್ಧ. ಅಲ್ಲಿಯೂ ಬಟ್ಟೆ ಬಿಚ್ಚಿಸುವುದರ ವಿರುದ್ಧ ಮಕ್ಕಳೂ ಪೋಷಕರೂ ವರ್ಷಗಟ್ಟಲೆ ಮಾತಾಡಿ, 2024ರ ಜನವರಿಯಲ್ಲಿ ಶಿಕ್ಷಣ ಸಚಿವಾಲಯವೇ ಮಕ್ಕಳ ಖಾಸಗಿತನಕ್ಕೂ ಮನಸ್ಸಿಗೂ ಬೆಲೆ ಕೊಡಿ, ಸಾಧ್ಯವಾದಲ್ಲಿ ಬಟ್ಟೆಯ ಮೇಲೋ ಟವೆಲ್ ಹೊದಿಸಿಯೋ ನೋಡಿ ಎಂಬ ಧಾಟಿಯ ಸುತ್ತೋಲೆ ಹೊರಡಿಸಿತು. ಮಕ್ಕಳು ನಾಚಿಕೆಯಿಂದ ಹೇಳಿದ ಮಾತಿಗೆ ಒಂದು ಸರ್ಕಾರ ಕಿವಿಗೊಟ್ಟಿತು ಎನ್ನುವುದು ನನಗೆ ಬಹಳ ಹಿಡಿಸಿತು.

ಪೋಷಕರು ಹೆದರುವ ಇನ್ನೊಂದು ವಿಷಯವನ್ನು ಬಿಡಿಸಿ ಹೇಳಬೇಕು. ಶಾಲೆಯಿಂದ "ತೊಂದರೆ ಇರಬಹುದು" ಎಂಬ ಚೀಟಿ ಬಂದ ಮನೆಯಲ್ಲಿ ಆ ರಾತ್ರಿ ಯಾರೂ ನಿದ್ದೆ ಮಾಡುವುದಿಲ್ಲ. ಆದರೆ ಶಾಲೆಯಲ್ಲಿ ಮಾಡುವುದು ಜರಡಿ ಹಿಡಿಯುವ ಕೆಲಸ, ರೋಗ ಇದೆ ಎಂದು ತೀರ್ಮಾನಿಸುವುದಲ್ಲ. ಒಂದು ಲೆಕ್ಕ ಮಾಡಿ ನೋಡೋಣ. ಸಾವಿರ ಮಕ್ಕಳಲ್ಲಿ ಇಪ್ಪತ್ತು ಮಂದಿಗೆ ನಿಜವಾಗಿ ಒಂದು ತೊಂದರೆ ಇದೆ ಎಂದುಕೊಳ್ಳಿ. ಪರೀಕ್ಷೆ ಚೆನ್ನಾಗಿಯೇ ಇದೆ, ತೊಂದರೆ ಇರುವ ನೂರರಲ್ಲಿ ತೊಂಬತ್ತನ್ನು ಹಿಡಿಯುತ್ತದೆ, ತೊಂದರೆ ಇಲ್ಲದ ನೂರರಲ್ಲಿ ಐದನ್ನು ಮಾತ್ರ ತಪ್ಪಾಗಿ ಬೊಟ್ಟು ಮಾಡುತ್ತದೆ. ಹಾಗಾದರೆ ಇಪ್ಪತ್ತರಲ್ಲಿ ಹದಿನೆಂಟು ಸಿಕ್ಕುತ್ತಾರೆ. ಉಳಿದ ಒಂಬೈನೂರ ಎಂಬತ್ತರಲ್ಲಿ ನಲವತ್ತೊಂಬತ್ತು ಮಕ್ಕಳಿಗೆ ಸುಮ್ಮನೆ ಚೀಟಿ ಹೋಗುತ್ತದೆ. ಅಂದರೆ ಚೀಟಿ ಬಂದ ಅರವತ್ತೇಳು ಮನೆಗಳಲ್ಲಿ ಹೆಚ್ಚುಕಡಿಮೆ ಐವತ್ತು ಮನೆಗಳ ಮಕ್ಕಳು ಪೂರ್ತಿ ಸರಿಯಾಗಿರುತ್ತಾರೆ. ಇತ್ತ ಇಬ್ಬರು ಮಕ್ಕಳ ಮನೆಯಲ್ಲಿ "ಎಲ್ಲ ಸರಿಯಿದೆ" ಎಂದು ನಿಶ್ಚಿಂತೆಯಾಗಿರುತ್ತಾರೆ, ಸರಿ ಇರುವುದಿಲ್ಲ. ಇದು ಯಾರ ತಪ್ಪೂ ಅಲ್ಲ, ಜರಡಿಯ ಸ್ವಭಾವ. ರಕ್ತದೊತ್ತಡವನ್ನೇ ನೋಡಿ, ಹೆದರಿದ ಮಗುವಿಗೆ ಒಂದು ಸಲ ಏರಿದ್ದು ಲೆಕ್ಕಕ್ಕಿಲ್ಲ, ಮೂರು ಬೇರೆ ಬೇರೆ ದಿನ ನೋಡಿಯೇ ಮಕ್ಕಳ ವೈದ್ಯರು ನಿರ್ಧರಿಸುತ್ತಾರೆ. ಈ ಮಾತನ್ನು ಚೀಟಿಯ ಮೇಲೆ ಎರಡು ಸಾಲು ಬರೆದರೆ ಆ ಐವತ್ತು ಮನೆಗಳಲ್ಲಿ ಜನ ನಿದ್ದೆ ಮಾಡುತ್ತಾರೆ, ಆ ಇಬ್ಬರ ಮನೆಯವರು ಕಣ್ಣು ತೆರೆದಿರುತ್ತಾರೆ.

ಚೀಟಿ ಕೊಟ್ಟ ಮೇಲೆ ಏನು? ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲಿದೆ. ಚೀನಾದ ಗ್ರಾಮೀಣ ಭಾಗದ 252 ಪ್ರಾಥಮಿಕ ಶಾಲೆಗಳಲ್ಲಿ, ಸುಮಾರು 20,000 ಮಕ್ಕಳಲ್ಲಿ ಒಂದು ಪ್ರಯೋಗ ನಡೆದು 2014ರಲ್ಲಿ ಪ್ರಕಟವಾಯಿತು. ದೂರದೃಷ್ಟಿ ಮಂದವಾಗಿದ್ದ ಮಕ್ಕಳಲ್ಲಿ ಕೆಲವು ಶಾಲೆಯವರಿಗೆ ಕನ್ನಡಕದ ನಂಬರು ಬರೆದ ಚೀಟಿ ಮಾತ್ರ ಕೊಟ್ಟರು, ಕೆಲವರಿಗೆ ಕನ್ನಡಕಕ್ಕೆ ವೋಚರ್ ಕೊಟ್ಟರು, ಕೆಲವರಿಗೆ ಶಾಲೆಯಲ್ಲೇ ಕನ್ನಡಕ ಕೈಗಿಟ್ಟರು. ಕನ್ನಡಕ ಕೈಗೆ ಸಿಕ್ಕಿದ ಮಕ್ಕಳ ಗಣಿತದ ಅಂಕ, ಬರೀ ಚೀಟಿ ಸಿಕ್ಕಿದವರಿಗಿಂತ ಚೆನ್ನಾಗಿ ಬಂತು. ಪರೀಕ್ಷೆ ಎಲ್ಲರಿಗೂ ಒಂದೇ, ಕೊನೆಗೆ ಮೂಗಿನ ಮೇಲೆ ಏನು ಕೂತಿತು ಎನ್ನುವುದು ಬೇರೆ. "ವೈದ್ಯರನ್ನು ಕಾಣಿ" ಎಂದು ಬರೆದು ಕೈತೊಳೆದುಕೊಂಡರೆ, ಕಾಣಿಸುವ ಶಕ್ತಿ ಇರುವವರು ಕಾಣುತ್ತಾರೆ, ಇಲ್ಲದವರು ಚೀಟಿಯನ್ನು ಡಬ್ಬಿಯಲ್ಲಿಟ್ಟು ಕೊರಗುತ್ತಾರೆ. ಚೀಟಿ ಹೋದ ಮನೆಗೆ ತಿಂಗಳ ಮೇಲೆ ಒಂದು ಫೋನು ಮಾಡಿ, "ಏನಾಯ್ತಮ್ಮಾ, ತೋರಿಸಿದ್ರಾ?" ಎಂದು ಕೇಳಲು ಒಬ್ಬರನ್ನು ನೇಮಿಸಿ. ಅಷ್ಟೂ ಆಗದಿದ್ದರೆ ಪರೀಕ್ಷೆಯ ಪಟ್ಟಿಯನ್ನೇ ಚಿಕ್ಕದು ಮಾಡಿ, ಮುಂದಿನ ದಾರಿ ಇರುವಷ್ಟನ್ನು ಮಾತ್ರ ನೋಡಿ.

ತಪಾಸಣೆಯ ಹೊತ್ತಿಗೆ ಪೋಷಕರು ಜೊತೆಗಿರಬೇಕೆಂದು ನಾನು ಮೊದಲು ಹಟ ಹಿಡಿದಿದ್ದೆ. ಈ ಪತ್ರದ ಮೊದಲ ಕರಡಿನಲ್ಲಿ ಅದೇ ದೊಡ್ಡ ಬೇಡಿಕೆಯಾಗಿತ್ತು. ಆಮೇಲೆ ಶಾಲೆಯೊಂದರಲ್ಲಿ ಮೇಡಂ ಆಗಿರುವ ನನ್ನ ಅಕ್ಕ ಒಂದು ಮಾತು ಹೇಳಿದಳು: "ಎಲ್ಲ ಮಕ್ಕಳಿಗೂ ಮನೆ ಸುರಕ್ಷಿತ ಜಾಗ ಅಲ್ಲ ಕಣೇ. ತೋಳಿನ ಮೇಲಿನ ಬಾಸುಂಡೆ ನೋಡಿ ಕೇಳುವವರು ಕೆಲವು ಮಕ್ಕಳಿಗೆ ಆ ನರ್ಸ್ ಒಬ್ಬರೇ. ಪಕ್ಕದಲ್ಲಿ ಅಪ್ಪ ನಿಂತಿದ್ದರೆ ಮಗು ಬಾಯಿ ಬಿಡುತ್ತಾ?" ನನಗೆ ಉತ್ತರ ಹೊಳೆಯಲಿಲ್ಲ. ಹಾಗಾಗಿ ಆ ಬೇಡಿಕೆಯನ್ನು ತಿದ್ದಿಕೊಂಡಿದ್ದೇನೆ. ಸಣ್ಣ ಮಕ್ಕಳ ಜೊತೆ ಬರಲು ಇಚ್ಛೆಯುಳ್ಳ ಪೋಷಕರಿಗೆ ಅವಕಾಶ ಕೊಡಿ, ಆದರೆ ಪೋಷಕರು ಪಕ್ಕದಲ್ಲಿಲ್ಲದೆ ಮಗು ವೈದ್ಯರೊಂದಿಗೆ ಎರಡು ಮಾತಾಡುವ ಗಳಿಗೆಯೂ ಇರಲಿ. ಒಳಗೆ ಒಬ್ಬರೇ ವಯಸ್ಕರು ಮಾತ್ರ ಇರಕೂಡದು. ದೊಡ್ಡ ಹುಡುಗಿಯರ ತಪಾಸಣೆಗೆ ಮಹಿಳೆಯರೇ ಇರಲಿ, ದೊಡ್ಡ ಹುಡುಗರಿಗೂ ಯಾರು ಬೇಕೆಂದು ಕೇಳಿ.

ಮಕ್ಕಳನ್ನು ಕೇಳುವುದು ಎಂದೆ. ನಮ್ಮ ಮಾತುಗಳಲ್ಲಿ ಇದೇ ಬಿಟ್ಟುಹೋಗುವುದು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ, ವಯಸ್ಸಿಗೂ ಪ್ರೌಢಿಮೆಗೂ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕು ಎನ್ನುತ್ತದೆ. 16ನೇ ವಿಧಿ ಮಗುವಿಗೂ ಖಾಸಗಿತನ ಇದೆ ಎನ್ನುತ್ತದೆ. ನಾನು ಸಹಿ ಹಾಕಿದ್ದೇನೆ ಎಂದಮೇಲೂ, ಮೇಜಿನ ಮುಂದೆ ನಿಂತ ಮಗು "ಇದು ಬೇಡ" ಅಂದರೆ ನಿಲ್ಲಿಸಿ. ಎಳೆದು ನಿಲ್ಲಿಸಿ ಮಾಡುವಷ್ಟು ತುರ್ತಿನದ್ದು ಈ ಪಟ್ಟಿಯಲ್ಲಿ ಒಂದೂ ಇಲ್ಲ. ಇನ್ನೊಂದು ದಿನ ನೋಡಬಹುದು.

ಮಾಹಿತಿ ಯಾರ ಕೈಯಲ್ಲಿರಬೇಕು ಎನ್ನುವುದಕ್ಕೆ ನನ್ನ ಉತ್ತರ ಸರಳ. ಮಗುವಿಗೆ ಬೋರ್ಡು ಕಾಣದು, ಎಡಗಿವಿ ಮಂದ ಎನ್ನುವುದು ಮೇಡಂಗೆ ಗೊತ್ತಿರಬೇಕು, ಇಲ್ಲದಿದ್ದರೆ ಮುಂದಿನ ಬೆಂಚಿಗೆ ಕೂರಿಸುವವರು ಯಾರು? ಉಳಿದದ್ದು ಅವರಿಗೆ ಬೇಡ. ಈಗ ಎಲ್ಲವನ್ನೂ ಮೊಬೈಲ್ ಆ್ಯಪ್‌ನಲ್ಲಿ, ಕಂಪ್ಯೂಟರಿನಲ್ಲಿ ತುಂಬುತ್ತಾರೆ. ಆರು ವರ್ಷಕ್ಕೆ ಬರೆದ ಒಂದು ಅನುಮಾನ ಇಪ್ಪತ್ತಾರಕ್ಕೂ ಅವನ ಬೆನ್ನು ಹತ್ತಬಾರದು. ಎಷ್ಟು ವರ್ಷ ಇಡುತ್ತೀರಿ, ಯಾರು ನೋಡಬಹುದು, ತಪ್ಪಿದ್ದರೆ ತಿದ್ದಿಸುವುದು ಹೇಗೆ ಎಂದು ಚೀಟಿಯಲ್ಲೇ ಬರೆಯಿರಿ.

ಬೇಡ ಎನ್ನುವ ಪೋಷಕರನ್ನು ದಯವಿಟ್ಟು ತಿಳಿಗೇಡಿಗಳಂತೆ ಕಾಣಬೇಡಿ. ತಪಾಸಣೆಯ ನೆಪದಲ್ಲಿ ಇಂಜೆಕ್ಷನ್ ಚುಚ್ಚುತ್ತಾರೆ ಎಂದು ಹೆದರಿ ಆ ದಿನ ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡವರನ್ನು ನಾನು ಕಂಡಿದ್ದೇನೆ. ಅವರ ಹೆದರಿಕೆ ತಪ್ಪಿರಬಹುದು. ಆದರೆ "ಇಂದು ಚುಚ್ಚುಮದ್ದು ಇಲ್ಲ, ರಕ್ತ ತೆಗೆಯುವುದಿಲ್ಲ" ಎಂಬ ಒಂದು ಸಾಲು ಆ ಚೀಟಿಯಲ್ಲಿ ಇದ್ದಿದ್ದರೆ ಆ ಮಕ್ಕಳು ಶಾಲೆಗೆ ಬರುತ್ತಿದ್ದರು. ನನ್ನಂತೆ ಹಳೆಯ ಗಾಯ ಇರುವವರೂ ಇದ್ದಾರೆ. ಅವರಿಗೂ ಒಂದು ದಾರಿ ಬಿಡಿ, ತಮ್ಮ ವೈದ್ಯರಲ್ಲೇ ತೋರಿಸಿ ಕಣ್ಣು ಕಿವಿಯ ವರದಿ ತಂದುಕೊಡಲಿ. ಮತ್ತು ಆ ಪೋಷಕರಲ್ಲಿ ನನ್ನದೊಂದು ಕಳಕಳಿಯ ಬಿನ್ನಹ: ಬೇರೆ ಎಲ್ಲದಕ್ಕೂ ಬೇಡ ಅನ್ನಿ, ಕಣ್ಣಿಗೆ ಮಾತ್ರ ಬೇಡ ಅನ್ನಬೇಡಿ. ಮನೆಯಲ್ಲಿ ನಿಮಗೆ ಅದು ಗೊತ್ತಾಗುವುದಿಲ್ಲ. ನನಗೆ ಗೊತ್ತಾಗಲಿಲ್ಲ.

ತರಗತಿಯ ಮೇಡಂಗೆ ಹೇಳಿ ಚೀಟಿ ಕೊಡಲು ಎರಡು ದಿನ ಸಮಯ ಕೇಳಿಕೊಂಡೆ, ಕೊಟ್ಟರು. ನಾಳೆ ಎರಡೂ ಚೀಟಿಗಳು ನಿಮ್ಮ ಮೇಜಿಗೆ ಬರುತ್ತವೆ. ಮಗನದರಲ್ಲಿ 'ಒಪ್ಪಿಗೆ ಇದೆ' ಉಳಿಸಿ ಸಹಿ ಹಾಕಿ, ಹಿಂಬದಿಯಲ್ಲಿ ಬರೆದಿದ್ದೇನೆ: ಕಣ್ಣು, ಕಿವಿ, ಹಲ್ಲು ನೋಡಿ. ಎತ್ತರ, ತೂಕ ಪರದೆಯ ಹಿಂದೆ ನೋಡಿ. ಬಟ್ಟೆ ಬಿಚ್ಚಿಸುವುದಿದ್ದರೆ ಮೊದಲು ನನಗೆ ಫೋನು ಮಾಡಿ. ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿ ಕೊಡಿ. ಕಣ್ಣು ಮುಚ್ಚಲು ಅವನ ಕೈ ಬೇಡ, ರಟ್ಟು ಹಿಡಿಯಿರಿ, ಅವನೂ ಅಕ್ಕನ ಹಾಗೆ ಬೆರಳ ಸಂದಿಯಿಂದ ಇಣುಕುವವನೇ.

ಮಗಳ ಚೀಟಿಯನ್ನು ಅವಳ ಮುಂದೆಯೇ ಇಟ್ಟೆ. ಬಹಳ ಹೊತ್ತು ನೋಡಿದಳು. ಕಣ್ಣಿನ ಪರೀಕ್ಷೆಗೆ ಹೂಂ ಅಂದಳು, ಬೆನ್ನಿನದು ಬೇಡ ಅಂದಳು. ತೂಕಕ್ಕೆ ಏನೂ ಹೇಳದೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ನನ್ನ ಸಹಿಯ ಕೆಳಗೆ ನೀಲಿ ಶಾಯಿಯಲ್ಲಿ ಇರುವ ಆ ದುಂಡನೆಯ ಅಕ್ಷರ ಅವಳದು. "ನನ್ನ ತೂಕ ನೋಡಬಹುದು. ನನಗೆ ಮಾತ್ರ ಮೆಲ್ಲಗೆ ಹೇಳಿ."

ಇಂತಿ,
ಇಬ್ಬರು ಮಕ್ಕಳ ತಾಯಿ